ಅಚೌರ್ಯಾಣುವ್ರತವೂ ನಕಲು ಹಾಡೂ

ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಕಾರಿನಲ್ಲಿ ಓಡಾಡುವ ಜವಳಿ ವ್ಯಾಪಾರಿಯೊಬ್ಬರು ತಾವು ಹಿಂದೆ ಕೊಂಡಿದ್ದ ಜಿನಭಜನೆಗಳ ಕ್ಯಾಸೆಟ್ಟನ್ನು ದಾರಿಯಲ್ಲಿ ಕೇಳಬಯಸಿದರು. ಕಾರಿನ ಸ್ಟೀರಿಯೋ ಒಪ್ಪುವುದು ಪೆನ್‌ಡ್ರೈವನ್ನು ಮಾತ್ರ. 60 ನಿಮಿಷದ ಕ್ಯಾಸೆಟ್ಟನ್ನು 60 ನಿಮಿಷವೂ ನುಡಿಸಿ, ಮಗನು ಗಣಕಕ್ಕೆ ಇಳಿಸಿಕೊಟ್ಟನು. ಜೊತೆಗೆ ನೆಂಟರಿಂದ ನಕಲು ಮಾಡಿಕೊಂಡ ನೂರಾರು ಹಾಡುಗಳನ್ನೂ ತುಂಬಿದನು.

“ಇವುಗಳಲ್ಲಿ ನಾವು ಕೊಂಡದ್ದೆಷ್ಟು?” ಎಂದು ತಂದೆ ಕೇಳಿದರು.

1957ರ ಕೃತಿಸ್ವಾಮ್ಯ ಅಧಿನಿಯಮವು, 2012ರ ತಿದ್ದುಪಡಿಯ ತರುವಾಯ, ಧ್ವನಿಮುದ್ರಣವನ್ನೂ ಸ್ವಂತ ಉಪಯೋಗಕ್ಕೆ ನ್ಯಾಯಯುತವಾಗಿ ಬಳಸಲು ಅವಕಾಶವೀಯುತ್ತದೆ. ಆದರೆ ವ್ರತದ ಅಳತೆಗೋಲು ಇನ್ನೂ ಸೂಕ್ಷ್ಮವಾದುದು. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಅದತ್ತಾದಾನವನ್ನೇ ಸ್ತೇಯವೆನ್ನುತ್ತದೆ; ಕಳವಿನ ಮಾಲನ್ನು ಪಡೆಯುವ ತದಾಹೃತಾದಾನವನ್ನು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಎಣಿಸುತ್ತದೆ.

ಅಂಗಡಿಯ ಬಟ್ಟೆಯಂತೆ ಹಾಡು ಕತ್ತರಿಸಿದರೆ ಕಡಿಮೆಯಾಗದು, ಯಾರಿಗೇನು ನಷ್ಟ ಎಂಬ ವಾದವುಂಟು. ಹಾಡೇನೋ ಉಳಿಯಿತು; ಹಾಡಿದವರ ಪ್ರತಿಫಲ ಉಳಿಯಲಿಲ್ಲ. ಗಜ ಹಿಡಿದು ಬದುಕುವ ಶ್ರಾವಕನು ಇದನ್ನರಿಯದೆ ಇರಲಾರನು.

ಬೆಲೆ ಕೊಟ್ಟ ಕ್ಯಾಸೆಟ್ಟಿನ ಹಾಡು ಪಾತ್ರೆ ಬದಲಿಸಿತಷ್ಟೇ, ಅದರಲ್ಲಿ ದೋಷವಿಲ್ಲ. ಉಳಿದವುಗಳನ್ನು ತಂದೆ ಅಳಿಸಿಸಿದರು. ಅವುಗಳಲ್ಲಿ ಅವರ ಮೆಚ್ಚಿನ ಸ್ತವನವೂ ಒಂದಿತ್ತು. ಅದನ್ನು ಕೊಳ್ಳುವವರೆಗೂ ಕೇಳಲಿಲ್ಲ. ಅಣುವ್ರತವು ಪರೀಕ್ಷೆಗೊಳಗಾಗುವುದು ಇಂತಹ ಅಣುವಿನಷ್ಟು ವಿಷಯದಲ್ಲಿಯೇ.