ಒಲ್ಲೆ ಎನ್ನಲು ಬಾರದವನ ರಜೆ

ಹೊಲದ ಬದುವಿನ ಮೇಲೆ ಚಾಪೆ ಹಾಸಿ ಎಲ್ಲರೂ ಊಟಕ್ಕೆ ಕೂತಿದ್ದರು. ನಾನು ಮಾತ್ರ ಮೊಬೈಲ್ ತೆಗೆದು ಒಂದು ಶೇಂಗಾ ಹೋಳಿಗೆಯಲ್ಲಿ ಎಷ್ಟು ಕ್ಯಾಲೊರಿ ಇರುತ್ತದೆ ಎಂದು ಹುಡುಕುತ್ತಿದ್ದೆ. 2024ರ ಡಿಸೆಂಬರ್ ಕೊನೆಯ ಸೋಮವಾರ, ಎಳ್ಳಮಾವಾಸ್ಯೆ. ಬಾದಾಮಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನನ್ನ ಸೋದರತ್ತೆಯ ಮನೆಗೆ ಆರು ದಿನದ ರಜೆಗೆಂದು ಬೆಂಗಳೂರಿನಿಂದ ಹೋಗಿದ್ದೆವು. ನನ್ನ ಆ್ಯಪಿಗೆ ಶೇಂಗಾ ಹೋಳಿಗೆ ಗೊತ್ತಿರಲಿಲ್ಲ. ಅದು 'ಪೂರಣ್ ಪೋಳಿ' ತೋರಿಸಿತು, ಆಮೇಲೆ 'ಪೀನಟ್ ಬಟರ್ ಸ್ಯಾಂಡ್‌ವಿಚ್' ತೋರಿಸಿತು. ನಾನು ಎರಡನ್ನೂ ಕೂಡಿಸಿ ಅರ್ಧ ಮಾಡಿದೆ. ಲೆಕ್ಕ ಮುಗಿಯುವಷ್ಟರಲ್ಲಿ ಎಲೆಯ ಮೇಲೆ ಎರಡನೆಯ ಹೋಳಿಗೆ ಬಿದ್ದಿತ್ತು, ಅದರ ಮೇಲೆ ತುಪ್ಪವೂ.

ಎಳ್ಳಮಾವಾಸ್ಯೆಯ ಊಟ ಗೊತ್ತಿಲ್ಲದವರಿಗೆ ಎರಡು ಮಾತು. ಹಿಂಗಾರಿ ಜೋಳ ಎದೆಯೆತ್ತರ ಬೆಳೆದು ನಿಂತಿರುವ ಕಾಲ ಅದು. ಕಡಲೆ ಕಾಯಿ ಕಟ್ಟುತ್ತಿರುತ್ತದೆ. ಮನೆಯ ಹೆಂಗಸರು ನಸುಕಿನಲ್ಲೇ ಎದ್ದು, ನಿಜ ಹೇಳಬೇಕೆಂದರೆ ಎರಡು ದಿನ ಮೊದಲೇ ಶುರುಮಾಡಿ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಹೂರಣಗಡುಬು, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ, ಚಿತ್ರಾನ್ನ, ಮೊಸರನ್ನ ಎಲ್ಲ ಮಾಡಿ ಬುಟ್ಟಿ ತುಂಬುತ್ತಾರೆ. ಹೊಲಕ್ಕೆ ಹೋಗಿ, ಪೂಜೆ ಮಾಡಿ, ಎಲ್ಲ ಅಡುಗೆಯಿಂದಲೂ ಒಂದೊಂದು ತುತ್ತು ತೆಗೆದು ಬೆಳೆಯ ನಡುವೆ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಮೊದಲು ಭೂಮಿ ಉಣ್ಣಬೇಕು, ಆಮೇಲೆ ನಾವು. ನಮ್ಮ ಮಾವ ಚರಗ ಚೆಲ್ಲಿ ಬಂದು ಕೂತು ನಾಲ್ಕು ರೊಟ್ಟಿ, ಮೂರು ಹೋಳಿಗೆ ಉಂಡು, ಎದ್ದು ಮತ್ತೆ ಹೊಲ ಸುತ್ತಲು ಹೋದರು. ಎಪ್ಪತ್ತು ದಾಟಿದ ಅವರ ಹೊಟ್ಟೆ ಬೆನ್ನಿಗೆ ಅಂಟಿಕೊಂಡಿದೆ.

ನನ್ನ ಕಥೆ ಬೇರೆ. ಆ ವರ್ಷ ಜೂನ್‌ನಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.2 ಬಂದಿತ್ತು. 5.7ರಿಂದ 6.4ರವರೆಗೆ ಎಂದರೆ ಮಧುಮೇಹದ ಹೊಸ್ತಿಲ ಮೇಲೆ ನಿಂತಂತೆ. ನನ್ನ ತಂದೆ ಆ ಹೊಸ್ತಿಲನ್ನು ಯಾವಾಗ ದಾಟಿದರೋ ಅವರಿಗೇ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಮೂತ್ರಪಿಂಡ ಕೈಕೊಟ್ಟಿತ್ತು. ಅರವತ್ತೊಂದಕ್ಕೆ ಹೋದರು. ಹಾಗಾಗಿ ನಾನು ಹೆದರಿದೆ. ಆರು ತಿಂಗಳಲ್ಲಿ ಏಳು ಕೆಜಿ ಇಳಿಸಿದೆ. ಅನ್ನ ಅಳೆದು ಉಂಡೆ, ಸಂಜೆ ಒಂದು ಗಂಟೆ ನಡೆದೆ, ಸಿಹಿ ಬಿಟ್ಟೆ. ರಜೆಗೆ ಹೊರಡುವ ಮುನ್ನ ನನ್ನ ಗೆಳೆಯನೊಬ್ಬ ಸಮಾಧಾನ ಹೇಳಿದ: "ಆರು ದಿನ ಚೀಟ್ ಡೇ ಅಂದ್ಕೋ." ಆ ಮಾತು ನನ್ನನ್ನು ಬಾದಾಮಿಯವರೆಗೂ ಕಾಡಿತು. ಚೀಟ್ ಮಾಡುವುದು ಯಾರಿಗೆ? ಮೇದೋಜೀರಕ ಗ್ರಂಥಿಗೆ ರಜೆಯ ಅರ್ಜಿ ಕೊಡುವ ಪದ್ಧತಿ ಇಲ್ಲ. ಊಟವನ್ನು ಪರೀಕ್ಷೆ ಎಂದುಕೊಂಡವನಿಗೆ ಮಾತ್ರ ಊಟದಲ್ಲಿ ನಕಲು ಹೊಡೆಯುವ ಮಾತು ಹೊಳೆಯುತ್ತದೆ.

ನಮ್ಮ ಕಡೆ ಇದಕ್ಕೆ ಹಳೆಯ ಪದವೊಂದಿದೆ: ಪಥ್ಯ. ಪಥ್ಯದಲ್ಲಿರುವವನನ್ನು ಯಾರೂ ಒತ್ತಾಯಿಸುವುದಿಲ್ಲ. "ಪಥ್ಯ ಐತಿ" ಎಂದರೆ ಮಾತು ಮುಗಿಯಿತು, ಬಡಿಸುವ ಸೌಟು ಪಕ್ಕದ ಎಲೆಗೆ ಹೋಗುತ್ತದೆ. ಉಪವಾಸಕ್ಕೂ ಹಾಗೆಯೇ ಮರ್ಯಾದೆ. ಅಂದು ಸೋಮವಾರ ಬೇರೆ. "ಸೋಮವಾರ ಹಿಡಿದೀನಿ ಅತ್ತಿ, ಒಪ್ಪತ್ತು" ಎಂದಿದ್ದರೆ ಅತ್ತೆ ಅಲ್ಲಿಗೇ ಸುಮ್ಮನಾಗುತ್ತಿದ್ದರು. ಬಾಯಿ ತುದಿಗೆ ಬಂದಿತ್ತು. ದೇವರ ಹೆಸರಲ್ಲಿ ಬಿಟ್ಟರೆ ಗೌರವ, ಸೊಂಟದ ಸುತ್ತಳತೆಯ ಹೆಸರಲ್ಲಿ ಬಿಟ್ಟರೆ ನಗೆ. 'ಡಯಟ್' ಎಂಬುದು ಹಳ್ಳಿಯಲ್ಲಿ ಉಳ್ಳವರ ಚೋದ್ಯ. ಉಣ್ಣಲು ಇದ್ದೂ ಉಣ್ಣದಿರುವುದು, ಬರ ಕಂಡ ನಾಡಿನಲ್ಲಿ, ಒಂದು ಬಗೆಯ ಸೊಕ್ಕಿನಂತೆ ಕೇಳಿಸಿದರೆ ತಪ್ಪೇನಿಲ್ಲ.

ನಾನು ಸುಳ್ಳು ಹೇಳಲಿಲ್ಲ. ಹಾಗಂತ ಹೆಮ್ಮೆಪಡುವಂಥದ್ದೇನನ್ನೂ ಮಾಡಲಿಲ್ಲ. "ಸಾಕಬೇ ಅತ್ತಿ" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದೆ, ಅತ್ತೆ ಬೆರಳ ಸಂದಿಯಲ್ಲೇ ಹೋಳಿಗೆ ಇಟ್ಟರು. "ವರ್ಷಕ್ಕೊಮ್ಮಿ ಬರ್ತಿ, ಎರಡು ಹೋಳಿಗಿಗೆ ಸಾಕು ಅಂತಿ. ಬೆಂಗಳೂರಾಗ ಇದನ್ನ ಕಲಿಸ್ಯಾರೇನು?" ಎಲ್ಲರೂ ನಕ್ಕರು. ನಾನೂ ನಕ್ಕೆ, ಉಂಡೆ, ಒಳಗೊಳಗೇ ಆ್ಯಪಿನಲ್ಲಿ ಕೂಡಿಸುತ್ತಾ ಹೋದೆ. ಮೂರನೆಯದೂ ಬಂತು.

ಆ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಗಾಂಧಿ ನೆನಪಾದರು. ಆತ್ಮಕಥೆಯಲ್ಲಿ ಅವರು ಬರೆದುಕೊಂಡಿರುವ ಒಂದು ಸಂಗತಿ. 1915ರಲ್ಲಿ ದಕ್ಷಿಣ ಆಫ್ರಿಕಾದಿಂದ ಮರಳಿದ ಹೊಸತರಲ್ಲಿ ಕಲ್ಕತ್ತೆಯಲ್ಲಿ ಭೂಪೇಂದ್ರನಾಥ ಬಸು ಅವರ ಮನೆಯಲ್ಲಿ ಉಳಿದಿದ್ದರು. ಆಗ ಗಾಂಧಿ ಹಣ್ಣು ಮತ್ತು ಬೀಜಗಳನ್ನಷ್ಟೇ ತಿನ್ನುತ್ತಿದ್ದರು. ಅದು ಎಷ್ಟು ಸರಳ ಆಹಾರ ಎಂದು ನಮಗೆ ಅನ್ನಿಸುತ್ತದೆ. ಆದರೆ ಕಲ್ಕತ್ತೆಯಲ್ಲಿ ಸಿಗುವ ಹಣ್ಣು, ಬೀಜಗಳೆಲ್ಲ ಆ ಮನೆಗೆ ಬಂದವು. ಬಾದಾಮಿ ಪಿಸ್ತಾಗಳ ಸಿಪ್ಪೆ ಸುಲಿಯುತ್ತ ಮನೆಯ ಹೆಂಗಸರು ರಾತ್ರಿಯಿಡೀ ಎದ್ದು ಕೂತರು. ಜೊತೆಗಿದ್ದವರಿಗೆ ಬೇರೆ ಬಗೆಬಗೆಯ ಅಡುಗೆ. ಇದು ಗಾಂಧಿಯವರನ್ನು ಚುಚ್ಚಿತು. ಅದೇ ವರ್ಷ ಹರಿದ್ವಾರದ ಕುಂಭಮೇಳದಲ್ಲಿ ಅವರು ವ್ರತವೊಂದನ್ನು ತೊಟ್ಟರು: ಭಾರತದಲ್ಲಿರುವಾಗ ದಿನಕ್ಕೆ ಐದಕ್ಕಿಂತ ಹೆಚ್ಚು ಪದಾರ್ಥ ತಿನ್ನುವುದಿಲ್ಲ, ಕತ್ತಲಾದ ಮೇಲೆ ಉಣ್ಣುವುದಿಲ್ಲ. ಔಷಧಿಯನ್ನೂ ಆ ಐದರಲ್ಲೇ ಎಣಿಸಬೇಕೆಂದು ತೀರ್ಮಾನಿಸಿದರು.

ಈ ಪ್ರಸಂಗವನ್ನು ನಾನು ಮೊದಲು ಓದಿದಾಗ ವ್ರತದ ಕಠಿಣತೆ ಮಾತ್ರ ಕಣ್ಣಿಗೆ ಬಿದ್ದಿತ್ತು. ಅತ್ತೆಯ ಮನೆಯ ಕತ್ತಲಲ್ಲಿ ಬೇರೆಯದು ಕಂಡಿತು. ಗಾಂಧಿಯವರನ್ನು ಆ ವ್ರತಕ್ಕೆ ದೂಡಿದ್ದರಲ್ಲಿ ಆತಿಥೇಯರಿಗೆ ಆಗುತ್ತಿದ್ದ ತೊಂದರೆಯೂ ಒಂದು. ಅಂದರೆ ಅತಿಥಿಯೊಬ್ಬನ ಸಂಯಮದ ಬೆಲೆಯನ್ನು ಬೇರೆ ಯಾರೋ ತೆರುತ್ತಿದ್ದರು, ಮತ್ತು ಆ ಬೇರೆಯವರು ಅಡುಗೆಮನೆಯಲ್ಲಿದ್ದರು. ನನ್ನ ಮಟ್ಟಿಗೂ ಹಾಗೇ ಆಗಿತ್ತಲ್ಲ? ಹೋದ ದಿನವೇ ನಾನು "ನನಗೆ ಅನ್ನ ಬ್ಯಾಡ, ಹಸಿ ಕಾಳು, ಸೌತಿಕಾಯಿ ಇದ್ದರ ಸಾಕು" ಎಂದು ಬಹಳ ವಿನಯದಿಂದ ಹೇಳಿದ್ದೆ. ಮರುದಿನ ಬೆಳಗ್ಗೆ ಅತ್ತೆಯ ಸೊಸೆ ಮೂವರಿಗೆ ಮೂರು ಥರದ ನಾಷ್ಟಾ ಮಾಡುತ್ತಿದ್ದಳು. ಮಕ್ಕಳಿಗೆ ಉಪ್ಪಿಟ್ಟು, ಮಾವನಿಗೆ ರೊಟ್ಟಿ, ನನಗೆ ಮೊಳಕೆ ಹೆಸರುಕಾಳು. ಅದಕ್ಕೆ ಹಾಕಲು ನಿಂಬೆಹಣ್ಣು ಇಲ್ಲವೆಂದು ಹುಡುಗನನ್ನು ಸೈಕಲ್ ಮೇಲೆ ಅಟ್ಟಿದ್ದಳು. ನನ್ನ ಸರಳ ಆಹಾರ ಆ ಮನೆಯ ಅತ್ಯಂತ ತಾಪತ್ರಯದ ಆಹಾರವಾಗಿತ್ತು.

ಹಾಗಾದರೆ ಕೊಟ್ಟದ್ದನ್ನು ಸುಮ್ಮನೆ ಉಣ್ಣುವುದೇ ಧರ್ಮವೇ? ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅತ್ತೆಯ ಪ್ರೀತಿಗೆ ನನ್ನ ಸಕ್ಕರೆಯ ಅಂಕಿಯನ್ನು ಬಲಿಕೊಟ್ಟೆ ಎಂದು ಹೇಳಿಕೊಂಡು ದೊಡ್ಡವನಾಗಬಹುದಿತ್ತು. ಅಡ್ಡ ಬಂದದ್ದು ಒಂದು ಡಬ್ಬಿ ಕರದಂಟು.

ಮಂಗಳವಾರ ಐಹೊಳೆ, ಪಟ್ಟದಕಲ್ಲು ನೋಡಿಕೊಂಡು ಅಮೀನಗಡಕ್ಕೆ ಹೋಗಿ ಆಫೀಸಿನವರಿಗೆಂದು ಎರಡು ಕೆಜಿ ಕರದಂಟು ತಂದಿದ್ದೆ. ಬೆಲ್ಲ, ಒಣಕೊಬ್ಬರಿ, ಗೋಡಂಬಿ, ತುಪ್ಪದಲ್ಲಿ ಹುರಿದ ಅಂಟು. ನಮ್ಮ ಕಡೆ ಬಾಣಂತಿಯರಿಗೆ ಶಕ್ತಿ ಬರಲೆಂದು ಕೊಡುವ ತಿನಿಸು ಅದು, ನನ್ನಂಥ ಬಾಣಂತಿಯಲ್ಲದವನಿಗಲ್ಲ. ರಾತ್ರಿ ಹನ್ನೊಂದಕ್ಕೆ ಮನೆಯವರೆಲ್ಲ ಮಲಗಿದ ಮೇಲೆ ಪಡಸಾಲೆಯಲ್ಲಿ ಕೂತು ಆ ಡಬ್ಬಿಯನ್ನು ಸದ್ದಾಗದಂತೆ ತೆರೆದೆ. ನಾಲ್ಕು ತುಂಡು ತಿಂದೆ. ಯಾರೂ ಬಡಿಸಿರಲಿಲ್ಲ. ಯಾರ ಕೈಯೂ ನನ್ನ ಬೆರಳ ಸಂದಿಯಲ್ಲಿ ತೂರಿ ಬಂದಿರಲಿಲ್ಲ. ಯಾರ ಮನಸ್ಸೂ ನೋಯುವ ಪ್ರಶ್ನೆ ಇರಲಿಲ್ಲ. ಆರು ದಿನದ ಪ್ರತಿ ಹೆಚ್ಚುವರಿ ತುತ್ತನ್ನೂ ಅತ್ತೆಯ ಲೆಕ್ಕಕ್ಕೆ ಬರೆಯುತ್ತಿದ್ದ ನನಗೆ ಈ ನಾಲ್ಕು ತುಂಡನ್ನು ಯಾರ ಹೆಸರಿಗೆ ಬರೆಯಬೇಕೋ ತಿಳಿಯಲಿಲ್ಲ. ಇದಾದ ಮೇಲೆ ಹಿಂದಿನ ದಿನದ ಮೂರನೆಯ ಹೋಳಿಗೆಯ ಮೇಲೂ ಅನುಮಾನ ಬಂತು. ಕೈ ಅಡ್ಡ ಹಿಡಿದಿದ್ದೆ ನಿಜ. ಬೆರಳನ್ನು ಅಷ್ಟು ಅಗಲಿಸಿ ಹಿಡಿದಿದ್ದೇಕೆ?

ಬೇರೆಯವರಿಗಾಗಿ ಉಣ್ಣುವುದು, ಬೇರೆಯವರ ಹೆಸರಿನಲ್ಲಿ ಉಣ್ಣುವುದು ಇವೆರಡೂ ಎಲೆಯ ಮೇಲೆ ಒಂದೇ ಥರ ಕಾಣುತ್ತವೆ. ನೋಡುವವರಿಗೆ ವ್ಯತ್ಯಾಸ ತಿಳಿಯದು, ಉಣ್ಣುವವನಿಗೂ ಕೂಡಲೇ ತಿಳಿಯದು. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಆಸೆಯೊಡನೆ ಗುದ್ದಾಡಿ ಗೆಲ್ಲುವವನನ್ನೂ ಆ ಅತಿಯಾಸೆಯೇ ಇಲ್ಲದೆ ಹದವಾಗಿರುವವನನ್ನೂ ಬೇರೆ ಬೇರೆ ಇಡುತ್ತಾನೆ. ಮೊದಲನೆಯವನು ಮೆಚ್ಚಬೇಕಾದವನೇ, ಆದರೆ ಅವನ ಮನೆಯಲ್ಲಿ ಯಾವಾಗಲೂ ಜಗಳ. ನಾನು ಆರು ತಿಂಗಳಿನಿಂದ ಆ ಜಗಳವನ್ನೇ ಆರೋಗ್ಯ ಎಂದುಕೊಂಡಿದ್ದೆ. ಅದೇ ಪುಸ್ತಕದಲ್ಲಿ ಮಿಲೋ ಎಂಬ ಜಟ್ಟಿಯ ಮಾತು ಬರುತ್ತದೆ: ಮಿಲೋಗೆ ಕಡಿಮೆಯಾಗುವ ಊಟ ಆಗತಾನೇ ಅಖಾಡಕ್ಕೆ ಇಳಿದವನಿಗೆ ಹೆಚ್ಚಾಗುತ್ತದೆ, ಆದ್ದರಿಂದ ಹದ ಎಂಬುದು ಎರಡು ಅಂಕಿಗಳ ನಡುವಿನ ಅಂಕಿಯಲ್ಲ. ಮಾವನ ನಾಲ್ಕು ರೊಟ್ಟಿಯನ್ನು ನೋಡಿದರೆ ಇದಕ್ಕೆ ಗ್ರೀಸಿನವರೆಗೆ ಹೋಗಬೇಕಿರಲಿಲ್ಲ.

ಹೊರಡುವ ಹಿಂದಿನ ಸಂಜೆ ಬನಶಂಕರಿಗೆ ಹೋದೆವು. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಹೆಂಗಸರು ರೊಟ್ಟಿ, ಮೊಸರು, ಕೆಂಪು ಖಾರ ಮಾರುತ್ತಾರೆ. ಹೊಂಡದ ಪಕ್ಕದ ಸಾಲು ಮಂಟಪದಲ್ಲಿ ಕೂತು ಒಂದೊಂದು ರೊಟ್ಟಿ ಉಂಡೆವು. ಅತ್ತೆಯೂ ಒಂದೇ ಉಂಡರು, ಮೊಸರಿನ ಜೊತೆ. ಅವರಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ ಎಂಬುದು ನನಗೆ ಗೊತ್ತಿತ್ತು. ಎಳ್ಳಮಾವಾಸ್ಯೆಯ ದಿನ ತಾವು ಮಾಡಿದ ಹೋಳಿಗೆಯನ್ನು ಅವರು ಮುಟ್ಟಿರಲಿಲ್ಲ ಎಂಬುದನ್ನು ಆವತ್ತು, ಆ ಮಂಟಪದಲ್ಲಿ ಗಮನಕ್ಕೆ ತಂದುಕೊಂಡೆ.

ಧೈರ್ಯ ಮಾಡಿ ಕೇಳಿದೆ: "ನಾ ಒಲ್ಲೆ ಅಂದಿದ್ದರ ನಿನಗ ಬ್ಯಾಸರ ಆಗತಿತ್ತೇನು ಅತ್ತಿ?"

ಅತ್ತೆ ಸ್ವಲ್ಪ ಹೊತ್ತು ಹೊಂಡದ ಕಡೆ ನೋಡಿದರು. "ಒಲ್ಲೆ ಅಂದಿದ್ದರ ಒಂದ್ ಚಣ ಬ್ಯಾಸರ ಆಗತಿತ್ತು, ಮರತುಬಿಡತಿದ್ದೆ. ನೀ ಉಂಡಿ. ಉಂಡು ಆ ಫೋನ್ ನೋಡಕೋತ ಮಾರಿ ಸಣ್ಣದ ಮಾಡಿಕೊಂಡು ಕುಂತಿ. ನಾ ವಿಷಾ ಹಾಕೀನೇನೋ ಅನ್ನೂವಂಗ. ಅದು ಬ್ಯಾಸರಾತು." ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಸೇರಿಸಿದರು: "ನಿಮ್ಮಪ್ಪ ಹಿಂಗ ಲೆಕ್ಕಾ ಇಟ್ಟಿದ್ದರ ಇನ್ನೀಟು ದಿನ ಇರತಿದ್ದ. ಅವಗ ನಾನ ಉಣಸಿದ್ನೆಲ್ಲ ಹೋಳಿಗಿ, ಬ್ಯಾಡ ಅನ್ನಾಕ ನನಗೂ ತಿಳೀಲಿಲ್ಲ, ಅವಗೂ ತಿಳೀಲಿಲ್ಲ."

ನಾನು ಏನೂ ಹೇಳಲಿಲ್ಲ. ಎಲೆಯ ಮೇಲೆ ನಾನು ಕಾಣದ ಲೆಕ್ಕವೊಂದನ್ನು ಅವರು ಎಷ್ಟು ವರ್ಷದಿಂದ ಇಟ್ಟುಕೊಂಡಿದ್ದರೋ. ಆ ಲೆಕ್ಕ ಇದ್ದೂ ನನಗೆ ಬಡಿಸಿದ್ದೇಕೆ ಎಂದು ಕೇಳುವ ಮನಸ್ಸಾಗಲಿಲ್ಲ. ಬಡಿಸುವುದನ್ನು ಬಿಟ್ಟರೆ ಅಣ್ಣನ ಮಗನಿಗೆ ಕೊಡಲು ಬೇರೇನಿದೆ ಎಂದು ಅವರಿಗೆ ಅನ್ನಿಸಿದ್ದರೆ, ಬೇರೇನನ್ನೂ ನಾನು ಯಾವತ್ತೂ ಕೇಳಿರಲಿಲ್ಲ. ಅವರ ಜೊತೆ ಕೂತು ಅಪ್ಪನ ಬಗ್ಗೆ ಮಾತಾಡಿದ್ದೂ ಆ ಆರು ದಿನಗಳಲ್ಲಿ ಅದೇ ಮೊದಲು.

ಬೆಂಗಳೂರಿಗೆ ಬಂದು ತೂಕ ನೋಡಿದರೆ 1.8 ಕೆಜಿ ಹೆಚ್ಚಾಗಿತ್ತು. ಈ ಅಂಕಿಯನ್ನು ಕಂಡು ಕಂಗಾಲಾಗುವವರಿಗೆ ಒಂದು ಮಾತು. ಒಂದು ಕೆಜಿ ಕೊಬ್ಬು ಕೂಡಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚುವರಿ ಬೇಕು. ಆರು ದಿನದಲ್ಲಿ 1.8 ಕೆಜಿ ಕೊಬ್ಬು ಕೂಡಲು ದಿನಕ್ಕೆ 2,300 ಕ್ಯಾಲೊರಿಯನ್ನು ಮಾಮೂಲಿ ಊಟದ ಮೇಲೆ ಉಣ್ಣಬೇಕಿತ್ತು. ಕರದಂಟನ್ನೂ ಸೇರಿಸಿಕೊಂಡರೂ ಅಷ್ಟು ನನ್ನಿಂದ ಆಗಿರಲಿಲ್ಲ. ಉಪ್ಪು ಹಿಡಿದಿಟ್ಟ ನೀರು, ಪಿಷ್ಟದ ಜೊತೆ ಮೈಯಲ್ಲಿ ಸೇರಿಕೊಳ್ಳುವ ನೀರು ಅದರಲ್ಲಿ ಬಹಳ. ಎಂಟು ದಿನಕ್ಕೆ ಅರ್ಧ ಕೆಜಿ ಮಾತ್ರ ಉಳಿಯಿತು. ಆ ಅರ್ಧ ಕೆಜಿಯೇ ನಿಜವಾದದ್ದು. 2000ನೇ ಇಸವಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಒಂದು ಅಧ್ಯಯನ ಅಮೆರಿಕದ 195 ಜನರ ಹಬ್ಬದ ರಜೆಯ ತೂಕವನ್ನು ಅಳೆದಿತ್ತು. ಹೆಚ್ಚಿದ್ದು ಸರಾಸರಿ 370 ಗ್ರಾಂ, ಅವರು ಹೆಚ್ಚಾಗಿದ್ದೇವೆ ಎಂದುಕೊಂಡದ್ದು ಅದಕ್ಕಿಂತ ಬಹಳ ಹೆಚ್ಚು. ಆದರೆ ಆ ಸಣ್ಣ 370 ಗ್ರಾಂ ಮುಂದಿನ ತಿಂಗಳುಗಳಲ್ಲಿ ಇಳಿಯಲಿಲ್ಲ. ಭಯಪಡಬೇಕಾದಷ್ಟು ದೊಡ್ಡದಲ್ಲ, ಮರೆತುಬಿಡುವಷ್ಟು ಸಣ್ಣದೂ ಅಲ್ಲ. ನಾನು ಸಂಜೆಯ ನಡಿಗೆಗೆ ಮರಳಿದೆ. ಆ್ಯಪನ್ನು ತೆಗೆದುಹಾಕಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ತೆಗೆದಿಲ್ಲ. ಊಟಕ್ಕೆ ಕೂತಾಗ ಫೋನು ಬೇರೆ ಕೋಣೆಯಲ್ಲಿ ಇರುತ್ತದೆ, ಅಷ್ಟೇ.

ಮುಂದಿನ ವರ್ಷ ಎಳ್ಳಮಾವಾಸ್ಯೆಗೆ ನಾಲ್ಕು ದಿನ ಇರುವಾಗ ಅತ್ತೆಯ ಫೋನ್ ಬಂತು.

"ಬರಾವ ಹೌದಲ್ಲೊ? ಎಷ್ಟ ಹೋಳಿಗಿ ಮಾಡ್ಲಿ?"

"ನನಗ ಒಂದು ಅತ್ತಿ. ಕಾಳು ಗೀಳು ಬ್ಯಾಡ, ನೀವೆಲ್ಲಾ ಉಣ್ಣೂದ ನನಗೂ ಹಾಕು."

"ಒಂದ?"

"ಒಂದ. ಎರಡನೇದು ಹಾಕಿದ್ರ ಒಲ್ಲೆ ಅಂತೀನಿ ನೋಡು."

"ಅನ್ನು," ಎಂದರು.

"ನಿನಗೆಷ್ಟಬೇ?" ಎಂದು ಕೇಳಿದೆ. ಅತ್ತ ಕಡೆ ಸದ್ದಿಲ್ಲ. ಫೋನ್ ಕಟ್ ಆಯಿತೇನೋ ಅಂದುಕೊಂಡೆ.

"ಅರ್ಧ," ಎಂದರು ಅತ್ತೆ.