ಮಸೂರದ ಆಯ್ಕೆ ಮತ್ತು ಇಚ್ಛಾಪರಿಮಾಣ

ಗೃಹಸ್ಥರಿಗೆ ವಿಹಿತವಾದ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹಪರಿಮಾಣ. ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಇದಕ್ಕೆ ಇಚ್ಛಾಪರಿಮಾಣವೆಂಬ ಮತ್ತೊಂದು ಹೆಸರನ್ನೂ ಹೇಳಿದ್ದಾರೆ. ಒಂದೇ ವ್ರತಕ್ಕೆ ಎರಡು ಹೆಸರುಗಳೇಕೆ ಎಂಬುದು ವಿಚಾರಣೀಯ. ಮೊದಲನೆಯದು ವಸ್ತುವನ್ನು ಅಳೆಯುತ್ತದೆ, ಎರಡನೆಯದು ಬಯಕೆಯನ್ನು. ಇಂದಿನ ಮನೆಗಳಲ್ಲಿ ಇವೆರಡಕ್ಕೂ ಬದಲಾಗಿ ಮೂರನೆಯ ಅಳತೆಯೊಂದು ಬಳಕೆಗೆ ಬಂದಿದೆ. ಅದು ಬಜೆಟ್ಟು. ಇಷ್ಟು ಹಣವನ್ನು ಮೀರುವುದಿಲ್ಲವೆಂದು ಮೊದಲೇ ಗೊತ್ತುಮಾಡಿಕೊಂಡವನು ತಾನು ಸಂಯಮಿಯೆಂದೇ ಭಾವಿಸುತ್ತಾನೆ. ಆ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದು ಸಣ್ಣ ಉದಾಹರಣೆಯಿಂದ ನೋಡಬಹುದು. ಉದಾಹರಣೆ ಕ್ಯಾಮೆರಾದ ಮಸೂರದ್ದು. ಈ ಪುಟಗಳಲ್ಲಿ ಯಂತ್ರದ ಮಾತೇಕೆ ಎಂದು ಹಿರಿಯ ವಾಚಕರು ಹುಬ್ಬೇರಿಸಬಾರದಾಗಿ ಪ್ರಾರ್ಥನೆ.

ಬೀದರ ಜಿಲ್ಲೆಯಲ್ಲಿ ಹುಮನಾಬಾದ, ಬಸವಕಲ್ಯಾಣಗಳ ಸೀಮೆಗೆ ಸೇರಿದ ದುಬಲಗುಂಡಿಯ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನ ಬಳಿ ಒಂದು ಡಿಜಿಟಲ್ ಕ್ಯಾಮೆರಾ ಇದೆ. ಅದರೊಡನೆ ಬಂದ 18–55 ಮಿ.ಮೀ.ನ ಸಾಧಾರಣ ಮಸೂರವೂ ಇದೆ. ಸುತ್ತಲಿನ ಹಳೆಯ ಬಸದಿ, ಗುಡಿ, ವಿಗ್ರಹ, ಶಾಸನಗಳ ಛಾಯಾಚಿತ್ರಗಳನ್ನು ತೆಗೆದು ದಾಖಲೆ ಸಿದ್ಧಪಡಿಸಬೇಕೆಂದು ಒಂದು ಬಸದಿಯ ಟ್ರಸ್ಟು ಅವನಿಗೆ ಮಸೂರಗಳಿಗಾಗಿ ನಲವತ್ತು ಸಾವಿರ ರೂಪಾಯಿಗಳನ್ನು ಒಪ್ಪಿಸಿದೆ ಎಂದುಕೊಳ್ಳೋಣ. ಆ ಸೀಮೆಯಲ್ಲಿ ಕೆಲಸಕ್ಕೆ ಕೊರತೆಯಿಲ್ಲ. ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ. ಹುಮನಾಬಾದ ತಾಲೂಕಿನಲ್ಲಿಯೇ ಜಲಸಂಗಿಯ ದೇವಾಲಯವಿದೆ. ದಕ್ಷಿಣಕ್ಕೆ ಕಲಬುರಗಿ ಜಿಲ್ಲೆಯನ್ನು ಪ್ರವೇಶಿಸಿದರೆ ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಮಳಖೇಡ, ಮತ್ತು ಅಲ್ಲಿನ ನೇಮಿನಾಥ ಬಸದಿ.

ಯುವಕನು ಅಂಗಡಿಯ ಬೆಲೆಪಟ್ಟಿಯನ್ನು ತೆರೆಯುತ್ತಾನೆ. ಗರ್ಭಗೃಹ ಇಕ್ಕಟ್ಟು, ಆದ್ದರಿಂದ ವಿಶಾಲಕೋನದ ಮಸೂರವೊಂದು ಬೇಕು. ಶಿಖರದ ಮೇಲಿನ ಶಿಲ್ಪ ದೂರ, ಆದ್ದರಿಂದ ದೂರಗ್ರಾಹಿ ಬೇಕು. ಒಳಗೆ ಕತ್ತಲು, ಆದ್ದರಿಂದ ಎಫ್ 1.4ರಷ್ಟು ದೊಡ್ಡ ಕಂಡಿಯುಳ್ಳದ್ದು ಬೇಕು. ಅಕ್ಷರಗಳು ಸಣ್ಣವು, ಆದ್ದರಿಂದ ಸಮೀಪಗ್ರಾಹಿಯಾದ ಮ್ಯಾಕ್ರೋ ಮಸೂರ ಬೇಕು. ಪ್ರತಿಯೊಂದು ‘ಆದ್ದರಿಂದ’ಕ್ಕೂ ತಕ್ಕ ಕಾರಣವಿದೆ, ಯಾವುದೂ ಸುಳ್ಳಲ್ಲ. ಆದರೆ ನಲವತ್ತು ಸಾವಿರಕ್ಕೆ ಎಲ್ಲವೂ ಬರುವುದಿಲ್ಲ. ಆಗ ಅವನ ಬುದ್ಧಿ ಬೇರೊಂದು ದಾರಿ ಹಿಡಿಯುತ್ತದೆ: ನಾಲ್ಕರ ಕೆಲಸವನ್ನೂ ಮಾಡುತ್ತೇನೆಂದು ಹೇಳಿಕೊಳ್ಳುವ 18–300 ಮಿ.ಮೀ.ನ ಒಂದೇ ಜೂಮ್ ಮಸೂರ ಸಾಲದೇ? ಎಣಿಕೆಗೆ ಒಂದೇ ಒಂದು!

ಹನ್ನೆರಡನೆಯ ಶತಮಾನದ ಗುಜರಾತಿನಲ್ಲಿ ಬಾಳಿದ ಆಚಾರ್ಯ ಹೇಮಚಂದ್ರರು ತಮ್ಮ ‘ಯೋಗಶಾಸ್ತ್ರ’ದಲ್ಲಿ ಈ ವ್ರತದ ಅತಿಚಾರಗಳನ್ನು ವಿವರಿಸುವಾಗ ಮನುಷ್ಯನ ಇಂತಹ ಜಾಣತನವನ್ನೇ ಹಿಡಿದು ತೋರಿಸಿದ್ದಾರೆ. ಪಾತ್ರೆಗಳಿಗೆ ಇಂತಿಷ್ಟೆಂದು ಸಂಖ್ಯೆಯ ಮಿತಿಯನ್ನು ಹಾಕಿಕೊಂಡವನು ಚಿಕ್ಕ ಪಾತ್ರೆಗಳನ್ನು ಕರಗಿಸಿ ದೊಡ್ಡದಾಗಿ ಮಾಡಿಸಿಕೊಳ್ಳುತ್ತಾನೆ. ಹೊಲ ಅಥವಾ ಮನೆ ಇಷ್ಟೇ ಎಂದು ವ್ರತ ತೊಟ್ಟವನು ನಡುವಿನ ಬೇಲಿಯನ್ನೋ ಗೋಡೆಯನ್ನೋ ಕಿತ್ತು ಎರಡನ್ನು ಒಂದಾಗಿಸುತ್ತಾನೆ. ಸಂಖ್ಯೆ ಮುರಿಯಲಿಲ್ಲ, ವ್ರತ ಮಾತ್ರ ಮಲಿನವಾಯಿತು. ಜೂಮ್ ಮಸೂರವನ್ನು ಕೊಳ್ಳುವುದೇ ಅತಿಚಾರವೆಂದು ನಾನು ಹೇಳುತ್ತಿಲ್ಲ, ಅದು ನಗೆಪಾಟಲಾದೀತು. ಯಾತ್ರೆ ಮಾಡುವವನಿಗೆ ಅದಕ್ಕಿಂತ ಅನುಕೂಲವಾದದ್ದಿಲ್ಲ. ನಾನು ಹೇಳುತ್ತಿರುವುದು ಆಲೋಚನೆಯ ರೀತಿಯನ್ನು. ಯಾವ ಬಯಕೆಯನ್ನೂ ಬಿಡದೆ ಎಲ್ಲವನ್ನೂ ಒಂದರೊಳಗೆ ತುರುಕುವ ಯತ್ನವು ಮಿತಿಯನ್ನು ಒಪ್ಪಿಕೊಂಡದ್ದಲ್ಲ, ಮಿತಿಯ ಸಂದಿಯಲ್ಲಿ ನುಸುಳಿದ್ದು. ಫಲವೂ ಅದಕ್ಕೆ ತಕ್ಕಂತೆಯೇ ಇರುತ್ತದೆ. ಇಂತಹ ಮಸೂರಗಳಲ್ಲಿ ನೇರವಾದ ಕಂಬ ಒಂದು ತುದಿಯಲ್ಲಿ ಹೊರಕ್ಕೆ, ಮತ್ತೊಂದು ತುದಿಯಲ್ಲಿ ಒಳಕ್ಕೆ ಬಾಗಿ ಕಾಣುವುದು ಸಾಮಾನ್ಯ. ಚಿತ್ರದ ಅಂಚುಗಳು ಮಸುಕಾಗುವುದೂ ಉಂಟು.

ಸಮಂತಭದ್ರರು ಎಣಿಸಿದ ಐದು ಅತಿಚಾರಗಳ ಪಟ್ಟಿ ಬೇರೆ. ಅದರಲ್ಲಿ ವಿಸ್ಮಯ ಎಂಬುದೊಂದಿದೆ. ಪರರ ಸಂಪತ್ತನ್ನು ಕಂಡು ಬೆರಗಾಗುವುದೂ ವ್ರತಕ್ಕೆ ದೋಷವೆಂದು ಅವರು ಗುರುತಿಸಿದ್ದಾರೆ. ಕೊಳ್ಳುವುದಕ್ಕೆ ಮುಂಚೆಯೇ, ಕೈಯಲ್ಲಿ ಏನೂ ಇಲ್ಲದಿರುವಾಗಲೇ ಇದು ನಡೆದುಹೋಗುತ್ತದೆ. ಪಂಚಕಲ್ಯಾಣದ ಮಂಟಪದಲ್ಲಿ ಹೆಗಲಿಗೆ ಒಂದೂವರೆ ಕಿಲೋಗ್ರಾಮಿನ ಬಿಳಿಯ ದೂರಗ್ರಾಹಿಯನ್ನು ತೂಗುಹಾಕಿಕೊಂಡು ಬಂದ ಪೇಟೆಯ ಛಾಯಾಗ್ರಾಹಕನನ್ನು ನಮ್ಮ ಯುವಕರು ನೋಡುವ ನೋಟವನ್ನು ಗಮನಿಸಿದವರಿಗೆ ಈ ಶಬ್ದದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಪಟ್ಟಿಯಲ್ಲಿ ಅತಿಭಾರವಹನವೂ ಇದೆ. ಅದು ಎತ್ತು ಕುದುರೆಗಳ ಮೇಲೆ ಹೊರೆ ಹೇರುವುದರ ಮಾತು, ತನ್ನ ಹೆಗಲಿನದ್ದಲ್ಲ ಎಂಬುದು ಬೇರೆ ಸಂಗತಿ.

ಹಾಗಾದರೆ ಆಯ್ಕೆ ಎಲ್ಲಿಂದ ತೊಡಗಬೇಕು? ಬೆಲೆಪಟ್ಟಿಯಿಂದಲ್ಲ, ಕಲ್ಲಿನಿಂದ ತೊಡಗಬೇಕು. ಜಲಸಂಗಿಯ ಹೊರಗೋಡೆಯ ಮೇಲೆ ಪ್ರಸಿದ್ಧಳಾದ ಒಬ್ಬ ಶಿಲಾಬಾಲಿಕೆಯಿದ್ದಾಳೆ. ಆಕೆ ಚಾಲುಕ್ಯ ವಿಕ್ರಮಾದಿತ್ಯನ ಪ್ರಶಂಸೆಯನ್ನು ಹಲಗೆಯ ಮೇಲೆ ಬರೆಯುತ್ತಿದ್ದಾಳೆ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನೇ ಅವನು. ಈ ಒಂದು ಶಿಲ್ಪವನ್ನು ದಾಖಲಿಸುವವನಿಗೆ ಎರಡು ಚಿತ್ರಗಳು ಬೇಕು: ಬಾಲಿಕೆಯ ಸಮಗ್ರ ನಿಲುವು ಒಂದು, ಹಲಗೆಯ ಅಕ್ಷರಗಳು ಓದಲು ಬರುವಂತಹದು ಇನ್ನೊಂದು. ಆಕೆ ಅಲುಗುವುದಿಲ್ಲ. ಗರ್ಭಗೃಹದ ಜಿನಬಿಂಬವೂ ಅಲುಗುವುದಿಲ್ಲ. ಅಲುಗದ ವಸ್ತುವಿಗೆ ದೊಡ್ಡ ಕಂಡಿಯ ದುಬಾರಿ ಮಸೂರದ ಅಗತ್ಯವೇ ಇಲ್ಲ. ಗಟ್ಟಿಯಾದ ಮುಕ್ಕಾಲಿಯೊಂದು ಸಾಕು. ಎಫ್ 1.4ರಲ್ಲಿ ಒಳಬರುವ ಬೆಳಕು ಎಫ್ 8ರಲ್ಲಿ ಬರುವುದಕ್ಕಿಂತ ಸುಮಾರು ಮೂವತ್ತೆರಡು ಪಟ್ಟು ಹೆಚ್ಚು. ಮೊದಲನೆಯದರಲ್ಲಿ ಸೆಕೆಂಡಿನ ಮೂವತ್ತನೆಯ ಒಂದು ಭಾಗದಲ್ಲಿ ಆಗುವ ಚಿತ್ರಕ್ಕೆ ಎರಡನೆಯದರಲ್ಲಿ ಒಂದು ಸೆಕೆಂಡು ಕಾಯಬೇಕು, ಅಷ್ಟೇ. ಸಾವಿರ ವರ್ಷ ಕಾದ ಕಲ್ಲಿಗೆ ಒಂದು ಸೆಕೆಂಡು ದೊಡ್ಡದಲ್ಲ. ಮೇಲಾಗಿ ಎಫ್ 8ರಲ್ಲಿ ಶಿಲ್ಪದ ಮುಂದಿನ ಭಾಗವೂ ಹಿಂದಿನ ಭಾಗವೂ ಒಟ್ಟಿಗೆ ಸ್ಫುಟವಾಗಿ ಮೂಡುತ್ತವೆ.

ಶಾಸನದ ಮಟ್ಟಿಗಂತೂ ಮಸೂರಕ್ಕಿಂತ ಬೆಳಕಿನ ದಿಕ್ಕೇ ಮುಖ್ಯ. ಎದುರಿನಿಂದ ಬಿದ್ದ ಬೆಳಕಿನಲ್ಲಿ ಸವೆದ ಅಕ್ಷರ ಕಾಣದು. ದೀಪವನ್ನು ಪಕ್ಕದಿಂದ, ಕಲ್ಲಿನ ಮೈಗೆ ಸವರುವಂತೆ ಹಿಡಿದರೆ ಅದೇ ಅಕ್ಷರದ ಅಂಚು ನೆರಳಾಗಿ ಎದ್ದು ನಿಲ್ಲುತ್ತದೆ. ಕ್ಯಾಮೆರಾವನ್ನು ಕದಲಿಸದೆ ದೀಪವನ್ನು ಮಾತ್ರ ಹಲವು ದಿಕ್ಕುಗಳಿಂದ ಹಿಡಿದು ತೆಗೆದ ಚಿತ್ರಗಳನ್ನು ಗಣಕಯಂತ್ರದಲ್ಲಿ ಕೂಡಿಸಿ ಓದುವ ವಿಧಾನವನ್ನು 2001ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದರು. ಅದಕ್ಕೂ ಬೇಕಾದದ್ದು ಸಾಧಾರಣ ಮಸೂರವೇ.

ಇಷ್ಟನ್ನು ವಿಚಾರಿಸಿದರೆ ಯುವಕನ ಪಟ್ಟಿ ತಾನಾಗಿ ಕಿರಿದಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅವನಿಗೆ ಬೇಕಾದುದು 50ರಿಂದ 60 ಮಿ.ಮೀ.ನೊಳಗಿನ ಒಂದು ಮ್ಯಾಕ್ರೋ ಮಸೂರ, ಒಂದು ಮುಕ್ಕಾಲಿ, ಒಂದು ದೀಪ. ಮ್ಯಾಕ್ರೋ ಮಸೂರಗಳನ್ನು ಸಮತಲದ ವಸ್ತುವನ್ನು ಅಂಚಿನವರೆಗೂ ನೇರವಾಗಿ ಮೂಡಿಸುವಂತೆ ರಚಿಸಿರುತ್ತಾರೆ. ಆದ್ದರಿಂದ ಶಾಸನಕ್ಕೂ ತಾಳೆಗರಿಗೂ ಅವು ಒಪ್ಪುತ್ತವೆ. ಹಳೆಯದನ್ನು ಕೊಂಡರೂ ಬಾಧಕವಿಲ್ಲ. ಕ್ಯಾಮೆರಾದ ದೇಹ ಬೇಗ ಹಳತಾಗುತ್ತದೆ, ಒಳ್ಳೆಯ ಗಾಜು ದಶಕಗಳ ಕಾಲ ಬಾಳುತ್ತದೆ. ಇಕ್ಕಟ್ಟಾದ ಒಳಗುಡಿಗೆ ಈಗಾಗಲೇ ಇರುವ 18 ಮಿ.ಮೀ. ಸಾಕಾಗುತ್ತದೆ, ಸಾಲದಿದ್ದಲ್ಲಿ ಒಂದರ ಮೇಲೊಂದು ಹಾಯುವಂತೆ ಹಲವು ಚಿತ್ರಗಳನ್ನು ತೆಗೆದು ಜೋಡಿಸಬಹುದು. ಮದುವೆ, ಮೆರವಣಿಗೆಗಳನ್ನು ತೆಗೆದು ಜೀವನ ಸಾಗಿಸುವವನ ಅಗತ್ಯವೇ ಬೇರೆ. ಅವನ ಎದುರಿಗಿರುವವರು ಕಲ್ಲಾಗಿ ನಿಲ್ಲುವುದಿಲ್ಲ.

ವಿಶಾಲಕೋನದ ವಿಷಯದಲ್ಲಿ ಇನ್ನೊಂದು ಮಾತುಂಟು, ಅದು ಸತ್ಯಾಣುವ್ರತಕ್ಕೆ ಸಮೀಪವಾದದ್ದು. ಕಾಯೋತ್ಸರ್ಗದಲ್ಲಿ ನಿಂತ ಬಿಂಬವನ್ನು ಪಾದದ ಬಳಿಯಿಂದ ವಿಶಾಲಕೋನದಲ್ಲಿ ತೆಗೆದರೆ ಪಾದಗಳು ಹಿಗ್ಗಿ, ಶಿರಸ್ಸು ಕುಗ್ಗಿ ತೋರುತ್ತದೆ. ಚಿತ್ರವು ಭವ್ಯವೆನಿಸಬಹುದು, ಆದರೆ ಶಿಲ್ಪಿ ಕೊಟ್ಟ ಪ್ರಮಾಣ ಅದಲ್ಲ. ಇದು ಮಸೂರದ ದೋಷವೆಂದು ಹಲವರು ತಿಳಿದಿದ್ದಾರೆ. ವಾಸ್ತವವಾಗಿ ಆ ಪ್ರಮಾಣವನ್ನು ನಿರ್ಣಯಿಸುವುದು ನಾವು ನಿಂತ ದೂರ. ವಿಶಾಲಕೋನವು ನಮ್ಮನ್ನು ತೀರ ಹತ್ತಿರ ನಿಲ್ಲಲು ಬಿಡುತ್ತದೆ, ಅದೇ ಅದರ ಆಮಿಷ. ನವರಂಗದ ಬಾಗಿಲವರೆಗೆ ಹಿಂದೆ ಸರಿದು ನಿಂತರೆ ಹೊಸ ಮಸೂರದ ವೆಚ್ಚವೂ ಉಳಿಯುತ್ತದೆ, ಬಿಂಬದ ಅಳತೆಯೂ ಉಳಿಯುತ್ತದೆ.

ಇಷ್ಟು ಸಣ್ಣ ಕೊಳ್ಳುವಿಕೆಗೆ ಇಷ್ಟೊಂದು ವಿಚಾರವೇ ಎಂದು ಕೇಳುವವರಿಗೆ ಎರಡು ಸಂಗತಿಗಳನ್ನು ನೆನಪಿಸಬೇಕು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯು 1956ರಿಂದ ದಕ್ಷಿಣದ ದೇವಾಲಯಗಳ ಛಾಯಾಚಿತ್ರಗಳನ್ನು ಕೂಡಿಸುತ್ತ ಬಂದಿದೆ. ಅವುಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿದೆ. ತಮಿಳುನಾಡಿನ ಶ್ರೀಪುರಂತಾನ್ ಗ್ರಾಮದಿಂದ ಕಳುವಾದ ನಟರಾಜ ವಿಗ್ರಹವನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಸಂಗ್ರಹಾಲಯವು 2008ರಲ್ಲಿ ಐವತ್ತು ಲಕ್ಷ ಡಾಲರಿಗೂ ಮಿಗಿಲಾದ ಬೆಲೆಗೆ ಕೊಂಡಿತ್ತು. ಆ ವಿಗ್ರಹ ಆ ಗ್ರಾಮದ್ದೇ ಎಂದು ಗುರುತಿಸಲು ನೆರವಾದದ್ದು ಈ ಸಂಗ್ರಹದ ಚಿತ್ರ. 2014ರ ಸೆಪ್ಟೆಂಬರಿನಲ್ಲಿ ವಿಗ್ರಹ ಭಾರತಕ್ಕೆ ಹಿಂದಿರುಗಿತು. ಅಲ್ಲಿ ಕೆಲಸಕ್ಕೆ ಬಂದದ್ದು ಕಲಾತ್ಮಕತೆಯಲ್ಲ. ಎದುರು ನಿಂತು, ಪೂರ್ತಿಯಾಗಿ, ಸ್ಫುಟವಾಗಿ ತೆಗೆದ ಚಿತ್ರವೊಂದು ಇತ್ತು ಎಂಬ ಸಂಗತಿ. 2013ರಲ್ಲಿ ಮೂಡುಬಿದಿರೆಯ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳುವಾದದ್ದನ್ನು ವಾಚಕರು ಮರೆತಿರಲಾರರು. ನಮ್ಮ ಊರೂರಿನ ಬಸದಿಗಳ ಸಣ್ಣ ಲೋಹಬಿಂಬಗಳಲ್ಲಿ ಎಷ್ಟಕ್ಕೆ ಇಂತಹ ಒಂದು ಚಿತ್ರವಿದೆ?

ಎರಡನೆಯದು ಹಳೆಯ ಸಂಗತಿ. ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ 1865ರ ಸುಮಾರಿಗೆ ಮೈಸೂರು ಸೀಮೆಯ ಅನೇಕ ಶಾಸನಗಳ ಛಾಯಾಚಿತ್ರಗಳನ್ನು ತೆಗೆದ. ಬಿ. ಎಲ್. ರೈಸ್ ಅವರು 1879ರಲ್ಲಿ ಪ್ರಕಟಿಸಿದ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಗ್ರಂಥಕ್ಕೆ ಆ ಚಿತ್ರಗಳೇ ಮೊದಲ ಆಧಾರ. ‘ಎಪಿಗ್ರಾಫಿಯಾ ಕರ್ನಾಟಿಕಾ’ ಅದರ ಬಳಿಕ ಬಂದದ್ದು. ಡಿಕ್ಸನ್ನನ ಬಳಿ ಇದ್ದ ಸಾಧನಕ್ಕಿಂತ ದುಬಲಗುಂಡಿಯ ಯುವಕನ ಸಾಧಾರಣ ಮಸೂರ ಎಷ್ಟೋ ಮೇಲು.

ಈಗ ಹಣದ ಪ್ರಶ್ನೆ. ನಲವತ್ತು ಸಾವಿರದಲ್ಲಿ ಹತ್ತೋ ಹನ್ನೆರಡೋ ಸಾವಿರ ಉಳಿದರೆ ಏನು ಮಾಡಬೇಕು? ಬಜೆಟ್ಟಿನ ನ್ಯಾಯದಂತೆ ಅದು ಮಸೂರಕ್ಕೆಂದು ಕೊಟ್ಟ ಹಣ, ಖರ್ಚು ಮಾಡಿದರೆ ತಪ್ಪಿಲ್ಲ. ಮಾರ್ಚ್ ತಿಂಗಳಿನಲ್ಲಿ ಸರ್ಕಾರಿ ಕಚೇರಿಗಳು ನಡೆಸುವ ಅವಸರದ ಖರೀದಿಯ ನ್ಯಾಯವೂ ಇದೇ. ಆದರೆ ಬಸದಿಯ ಹಣ ದಾನಿಗಳದು. ಅಭಿಷೇಕಕ್ಕೆಂದು ಒಬ್ಬರು, ಮಾಡು ಸೋರುತ್ತದೆಂದು ಒಬ್ಬರು, ಹೆಸರು ಹೇಳದೆ ಹುಂಡಿಗೆ ಹಾಕಿದವರು ಹಲವರು. ದಾನಿ ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಇನ್ನೊಂದಕ್ಕೆ ಬಳಸುವ ಮೊದಲು ಟ್ರಸ್ಟಿನವರು ಸಭೆಯಲ್ಲಿ ಕೇಳಿ ಒಪ್ಪಿಗೆ ಪಡೆಯಬೇಕು. ಯುವಕನು ಉಳಿದದ್ದನ್ನು ರಸೀದಿಗಳ ಸಹಿತ ಹಿಂದಿರುಗಿಸಬೇಕು. ಹಿಂದಿರುಗಿಸಲು ಮನಸ್ಸು ಹಿಂಜರಿಯುವುದಾದರೆ ಆ ಹಿಂಜರಿಕೆಯೇ ಪರಿಗ್ರಹ. ಮೂರ್ಛೆಯೇ, ಅಂದರೆ ಮಮತೆಯೇ ಪರಿಗ್ರಹವೆಂದು ತತ್ತ್ವಾರ್ಥಸೂತ್ರವು ನಿರ್ಣಯಿಸಿದ್ದು ಇಂತಹ ಸಂದರ್ಭಗಳನ್ನು ಕುರಿತೇ ಇರಬೇಕು.

ಇದಕ್ಕೆ ವಿರುದ್ಧವಾದ ದೋಷವನ್ನೂ ಮರೆಯಲಾಗದು. ನಮ್ಮಲ್ಲಿ ಕೆಲವು ಟ್ರಸ್ಟುಗಳು ‘ಮೊಬೈಲಿನಲ್ಲಿಯೇ ತೆಗೆದರಾಯಿತು, ಎಲ್ಲದಕ್ಕೂ ಹಣವೇಕೆ’ ಎಂದು ಕೈತೊಳೆದುಕೊಳ್ಳುತ್ತವೆ. ಅದೇ ಟ್ರಸ್ಟು ಮಹಾದ್ವಾರಕ್ಕೆ ಹೊಳೆಯುವ ಗ್ರಾನೈಟನ್ನು ಹೊದಿಸುವಾಗ ಲೆಕ್ಕ ಕೇಳುವುದಿಲ್ಲ. ಸುಣ್ಣ ಬಳಿದು, ಎಣ್ಣೆ ಸುರಿದು ಅಕ್ಷರಗಳು ಮುಚ್ಚಿಹೋಗುತ್ತಿರುವಾಗ ಅಗತ್ಯವಾದ ಒಂದು ಮಸೂರವನ್ನು ಕೊಳ್ಳದಿರುವುದನ್ನು ಅಪರಿಗ್ರಹವೆಂದು ಕರೆಯುವುದು ಲೋಭಕ್ಕೆ ಒಳ್ಳೆಯ ಹೆಸರಿಟ್ಟಂತೆ. ಮೊಬೈಲಿನ ಚಿತ್ರವು ಏನೂ ಇಲ್ಲದಿರುವುದಕ್ಕಿಂತ ಲೇಸು, ನಿಜ. ಬೆರಳುದ್ದದ ಲೋಹಬಿಂಬದ ಪೀಠದ ಮೇಲಿನ ಬರಹಕ್ಕೆ ಮಾತ್ರ ಅದನ್ನು ನಂಬಿ ಕೂರುವಂತಿಲ್ಲ.

ಒಂದು ತಾಲೂಕಿನ ಮೂರು ನಾಲ್ಕು ಬಸದಿಗಳು ಸೇರಿ ಒಂದೇ ಮಸೂರವನ್ನು ಕೊಂಡು ಸರದಿಯಂತೆ ಬಳಸುವುದು ಎಲ್ಲಕ್ಕಿಂತ ಉತ್ತಮವೆಂದು ನನಗೆ ತೋರುತ್ತದೆ. ಬಳಸದೆ ಕತ್ತಲ ಕಪಾಟಿನಲ್ಲಿಟ್ಟ ಮಸೂರದ ಗಾಜಿಗೆ ತೇವದಿಂದ ಬೂಷ್ಟು ಹಿಡಿಯುತ್ತದೆ. ಬೀದರಿನ ಒಣಹವೆಯಲ್ಲಿ ಕಡಿಮೆ, ಕರಾವಳಿಯಲ್ಲಿ ಬಹಳ. ಬೂಷ್ಟಿನಲ್ಲಿ ಅನಂತ ಜೀವಗಳಿವೆಯೆಂದು ನಂಬಿದ ನಮಗೆ ಅದನ್ನು ಒರೆಸಿ ತೆಗೆಯುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದೇ ಯುಕ್ತ. ಅದಕ್ಕೆ ಉಪಾಯ ಸುಲಭ: ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಹರಳುಗಳನ್ನಿಡಬೇಕು, ಆಗಾಗ ಹೊರತೆಗೆದು ಕೆಲಸಕ್ಕೆ ಹಚ್ಚಬೇಕು. ತೆಗೆದ ಪ್ರತಿ ಚಿತ್ರದಲ್ಲಿ ವಸ್ತುವಿನ ಪಕ್ಕಕ್ಕೆ ಒಂದು ಅಳತೆಪಟ್ಟಿಯಿರಲಿ, ತೆಗೆದ ದಿನಾಂಕ ಬರೆದಿರಲಿ. ಒಂದು ಪ್ರತಿ ಬಸದಿಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿ ಇರಲಿ.