ಯಾದಿ ಮತ್ತು ಋಣ

ಸೊಲ್ಲಾಪುರ ಸೀಮೆಯ ಕನ್ನಡಿಗರಾದ ನಾವು ಪಟ್ಟಿಗೆ ‘ಯಾದಿ’ ಎನ್ನುತ್ತೇವೆ. ಮದುವೆಯ ಮಾತುಕತೆ ಕುದುರಿದರೆ ಯಾದಿ, ಕಿರಾಣಿ ಅಂಗಡಿಗೆ ಹೊರಟರೆ ಯಾದಿ. ಈ ಮಾತಿನ ಮೂಲ ಪಾರಸಿಯ ‘ಯಾದ್’, ಎಂದರೆ ನೆನಪು. ಮರೆವಿಗೆ ಎದುರಾಗಿ ಬರೆದಿಟ್ಟುಕೊಂಡ ನೆನಪೇ ಯಾದಿ. ಆದರೆ ಯಾವುದು ನೆನಪಿನಲ್ಲಿರಬೇಕು, ಯಾವುದು ಮರೆತರೂ ನಡೆದೀತು ಎಂದು ನಿರ್ಣಯಿಸುವಾಗ ಅದು ಕೇವಲ ಅನುಕೂಲದ ಮಾತಾಗಿ ಉಳಿಯದೆ ಧರ್ಮದ ಪ್ರಶ್ನೆಯಾಗುತ್ತದೆ.

ಬೆಳಿಗ್ಗೆ ದಿನದ ಕೆಲಸಗಳನ್ನು ಬರೆದುಕೊಳ್ಳುವುದು ಒಳ್ಳೆಯ ರೂಢಿಯೇ. ಚದುರಿದ ಮನಸ್ಸು ಅದರಿಂದ ಒಂದೆಡೆ ನಿಲ್ಲುತ್ತದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ (1706–1790) ತನ್ನ ಆತ್ಮಕಥೆಯಲ್ಲಿ ದಿನದ 24 ಗಂಟೆಗಳನ್ನೂ ಹಂಚಿದ ವೇಳಾಪಟ್ಟಿಯೊಂದನ್ನು ಕೊಟ್ಟಿದ್ದಾನೆ. ಇಂದು ಮಾಡಬೇಕಾದ ಒಳಿತೇನೆಂದು ಬೆಳಿಗ್ಗೆ, ಮಾಡಿದ ಒಳಿತೇನೆಂದು ರಾತ್ರಿ ತನ್ನನ್ನೇ ಕೇಳಿಕೊಳ್ಳಲು ಅದರಲ್ಲಿ ಎಡೆಯಿತ್ತು. ತಾನು ಸಾಧಿಸಹೊರಟ ಗುಣಗಳಲ್ಲಿ ಕ್ರಮಬದ್ಧತೆಯೇ ತನ್ನನ್ನು ಹೆಚ್ಚು ಕಾಡಿತೆಂದೂ ಆತ ಒಪ್ಪಿಕೊಂಡಿದ್ದಾನೆ. ನಾವು ಆತನ ವೇಳಾಪಟ್ಟಿಯನ್ನು ಕಲಿತೆವು, ಪ್ರಶ್ನೆಯನ್ನು ಬಿಟ್ಟೆವು.

ನಮ್ಮ ಯಾದಿಯಲ್ಲಿ ಮೊದಲ ಸ್ಥಾನ ಗಡುವಿರುವ ಕೆಲಸಗಳಿಗೆ. ವಿದ್ಯುತ್ ಬಿಲ್ಲು ತಡವಾದರೆ ದಂಡ, ಕಚೇರಿಯ ಕಾಗದ ತಡವಾದರೆ ಮೇಲಿನವರ ಮಾತು. ದಂಡ ಹಾಕಲಾರದವರ ಕೆಲಸ ಮಾತ್ರ ದಿನದಿಂದ ದಿನಕ್ಕೆ ಕೆಳಗಿಳಿಯುತ್ತದೆ.

ಓಣಿಯ ವೃದ್ಧ ಕನ್ನಡ ಮಾಸ್ತರರಿಂದ ನಾವೊಂದು ಪುಸ್ತಕವನ್ನು ಎರವಲು ತಂದಿದ್ದೆವು. ‘ಮಾಸ್ತರರ ಪುಸ್ತಕ’ ಎಂಬ ಸಾಲು ಪ್ರತಿ ಮುಂಜಾನೆಯೂ ಹೊಸ ಹಾಳೆಗೆ ದಾಟುತ್ತಿತ್ತು. ಬರೆದಿದ್ದೇವಲ್ಲ ಎಂಬ ಸಮಾಧಾನವೇ ಮಾಡದಿರಲು ಆಸರೆಯಾಯಿತು. ತಿಂಗಳುಗಳು ಕಳೆದ ಮೇಲೆ, ಗುರುತುಹಾಕಿ ಮುಗಿಸಿಬಿಡುವ ಆತುರದಲ್ಲಿ ಹೋದೆವು. ಅಷ್ಟರಲ್ಲಿ ಅವರ ಕಣ್ಣು ಮಂಜಾಗಿ ಅಕ್ಷರ ಕಾಣದಂತಾಗಿತ್ತು. ಪುಸ್ತಕವನ್ನು ಕೈಯಿಂದ ಸವರಿ, “ಬಂದೀರಲ್ಲ, ಒಂದೆರಡು ಪುಟ ಓದ್ರಿ, ಕೇಳತೀನಿ” ಎಂದರು. ಬೇಗ ತಂದಿದ್ದರೆ ಅವರೇ ಓದಿಕೊಳ್ಳುತ್ತಿದ್ದರು. ಆ ಸಂಜೆ ದೀಪ ಹಚ್ಚುವವರೆಗೆ ಓದಿದೆವು. ಯಾದಿಯಲ್ಲಿದ್ದ ನಾಲ್ಕು ಕೆಲಸಗಳು ಹಾಗೆಯೇ ಉಳಿದವು. ಮಾಡಿದ ಕೆಲಸ ಯಾದಿಯಲ್ಲಿಯೇ ಇರಲಿಲ್ಲ.

ಹಾಗೆಂದು ಯಾದಿಯನ್ನು ಹರಿದೊಗೆಯಬೇಕೆ? ನಮ್ಮೂರು ಹಿಂದಿನ ಸೊನ್ನಲಿಗೆ. 12ನೆಯ ಶತಮಾನದಲ್ಲಿ ಸಿದ್ಧರಾಮರು ಇಲ್ಲಿ ಕೆರೆ ಕಟ್ಟಿಸಿದರು. ಆ ಕೆಲಸದ ನಡುವೆ ಅಲ್ಲಮಪ್ರಭುಗಳು ಬಂದು ಅವರನ್ನು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ನಾವು ತಿಳಿದಂತೆ, ಪ್ರಭುಗಳ ಆಕ್ಷೇಪ ಕೆರೆಯ ಮೇಲಲ್ಲ. ಇಷ್ಟು ಮಾಡಿದೆ, ಇನ್ನಿಷ್ಟು ಮಾಡುವೆ ಎಂಬ ಎಣಿಕೆಯ ಮೇಲೆ. ಕೆರೆ ಉಳಿಯಿತು, ಇಂದಿಗೂ ಗುಡಿಯ ಸುತ್ತ ನೀರಿದೆ. ಕೆಲಸ ಬೇಕು, ಕೆಲಸದ ಲೆಕ್ಕವೇ ಬಾಳಿನ ಲೆಕ್ಕವೆಂಬ ಭ್ರಮೆ ಬೇಡ.

ಆದ್ದರಿಂದ ನಾವೊಂದು ಚಿಕ್ಕ ನಿಯಮ ಮಾಡಿಕೊಂಡಿದ್ದೇವೆ. ಮೂರು ದಿನ ಮುಂದೆ ದೂಡಿದ ಸಾಲನ್ನು ನಾಲ್ಕನೆಯ ದಿನ ಎಲ್ಲಕ್ಕೂ ಮೇಲೆ ಬರೆಯುವುದು. ಅಥವಾ, ‘ಇದು ನಮ್ಮಿಂದಾಗದು’ ಎಂದು ಸಂಬಂಧಪಟ್ಟವರಿಗೆ ಹೇಳಿ ಹೊಡೆದುಹಾಕುವುದು. ಎರಡರಲ್ಲಿಯೂ ಪ್ರಾಮಾಣಿಕತೆಯಿದೆ; ದೂಡುತ್ತಲೇ ಇರುವುದರಲ್ಲಿಲ್ಲ.

ಈ ನಿಯಮದಂತೆ ನಮ್ಮ ಇಂದಿನ ಹಾಳೆಯ ಮೊದಲ ಸಾಲು, ‘ಮೊಮ್ಮಗಳಿಗೆ ಅಕ್ಷರ ತಿದ್ದಿಸುವುದು.’ ಅವಳ ಶಾಲೆಯಲ್ಲಿ ಕನ್ನಡವಿಲ್ಲ. ಕಲಿಸದಿದ್ದರೆ ಯಾರೂ ದಂಡ ಹಾಕರು, ನೋಟೀಸು ಕಳಿಸರು. ಗಡಿಯಾಚೆಯ ಮನೆಗಳಲ್ಲಿ ಒಂದು ಭಾಷೆ ಕಳೆದುಹೋಗುವುದು ಯಾರ ದ್ವೇಷದಿಂದಲೂ ಆಗಬೇಕಿಲ್ಲ. ‘ನಾಳೆ’ ಎಂಬ ಒಂದು ಸಾಲು ಸಾಕು. ಪಾಟಿ ತಂದಿಟ್ಟಿದ್ದೇವೆ. ಅವಳು ಶಾಲೆಯಿಂದ ಬರುವ ಹೊತ್ತಾಯಿತು.